ಮೈ ಇಳಿದ ಮೇಲೆ ಉಳಿಯುವ ಚರ್ಮ

ಮೈ ಇಳಿಸುವ ಉಪಾಯ ಹೇಳುವವರು ನಮ್ಮಲ್ಲಿ ಬೀದಿಗೆ ಹತ್ತು ಮಂದಿ ಸಿಗುತ್ತಾರೆ. ಅನ್ನ ಬಿಡಿ ಎಂದು ಒಬ್ಬರು, ಬಿಸಿನೀರಿಗೆ ಜೇನುತುಪ್ಪ ಬೆರೆಸಿ ಕುಡಿಯಿರಿ ಎಂದು ಇನ್ನೊಬ್ಬರು, ಬೆಳಿಗ್ಗೆ ಎದ್ದು ಕೆರೆ ಏರಿಯ ಮೇಲೆ ನಾಲ್ಕು ಸಲ ಓಡಾಡಿ ಎಂದು ಮತ್ತೊಬ್ಬರು. ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಅವರಲ್ಲಿ ಯಾರೂ ಹೇಳುವುದಿಲ್ಲ. ಹಬ್ಬದಲ್ಲಿ ಏರಿ ಉಪವಾಸದಲ್ಲಿ ಇಳಿಯುವ ಎರಡು ಮೂರು ಕಿಲೋಗಳ ಮಾತಲ್ಲ ಇದು. ಬೇರಿಯಾಟ್ರಿಕ್ ಶಸ್ತ್ರಕ್ರಿಯೆ ಮಾಡಿಸಿಕೊಂಡು ಒಂದೂವರೆ ವರ್ಷದೊಳಗೆ ನಲವತ್ತು ಐವತ್ತು ಕಿಲೋ ಕಳೆದುಕೊಂಡವರ ಮಾತು. ನಮ್ಮ ಸೀಮೆಯ ಲೆಕ್ಕದಲ್ಲಿ ಹೇಳುವುದಾದರೆ, ಹತ್ತಿರ ಹತ್ತಿರ ಒಂದು ಮೂಟೆ ಕಾಫಿಬೀಜದ ಭಾರ. ಭಾರ ಇಳಿಯಿತು, ಸರಿ. ಅದನ್ನು ಇಷ್ಟು ವರ್ಷ ತುಂಬಿಕೊಂಡಿದ್ದ ಚೀಲ ಎಲ್ಲಿಗೆ ಹೋಗಬೇಕು? ಅದು ಎಲ್ಲಿಗೂ ಹೋಗುವುದಿಲ್ಲ. ಮೈಮೇಲೆಯೇ ಜೋಲುತ್ತ ಉಳಿಯುತ್ತದೆ.

ಆ ಚೀಲವೆಂದರೆ ನಮ್ಮ ಚರ್ಮ. ಅದನ್ನು ಕತ್ತರಿಸಿ ಮೈಗೆ ಸರಿಹೊಂದಿಸುವ ಶಸ್ತ್ರವಿದ್ಯೆಗೆ ಬಾಡಿ ಕಾಂಟೂರಿಂಗ್ ಎಂದು ಹೆಸರು. ಮೈತಿದ್ದುವಿಕೆ ಎಂದು ನಾವು ಹೇಳಬಹುದು. ಹೆಸರು ಕೇಳಿದೊಡನೆ ಇದು ಸಿನಿಮಾದವರ ಶೋಕಿ ಎಂದು ತೋರುವುದು ಸಹಜ. ನನಗೂ ಒಂದು ಕಾಲದಲ್ಲಿ ಹಾಗೆಯೇ ತೋರಿತ್ತು. ಈ ವಿದ್ಯೆ ಎಲ್ಲಿಂದ ಹೇಗೆ ಬಂತು ಎಂದು ಓದುತ್ತ ಹೋದಂತೆ ಆ ಅಭಿಪ್ರಾಯವನ್ನು ಬಿಡಬೇಕಾಯಿತು. ಅದರ ಚರಿತ್ರೆಯ ಒಂದು ಎಳೆ ನಮ್ಮ ಸಕಲೇಶಪುರದ ಕೋಟೆ ಕಟ್ಟಿದ ಕಾಲಕ್ಕೂ ಬಂದು ತಾಗುತ್ತದೆ.

ಚರಿತ್ರೆಗೆ ಮೊದಲು ನಮ್ಮ ಕಡೆಯ ಮಳೆಗಾಲವನ್ನು ಒಂದು ನಿಮಿಷ ನೆನೆಯಿರಿ. ಹಾಸನ ಬಿಟ್ಟು ಆಲೂರು ದಾಟಿ ಸಕಲೇಶಪುರದ ಕಡೆ ಹೋದ ಹಾಗೆ ಮಳೆ ದಟ್ಟವಾಗುತ್ತದೆ. ಜೂನ್ ಹಿಡಿದರೆ ಸೆಪ್ಟೆಂಬರಿನವರೆಗೆ ಹೇಮಾವತಿ ಕೆಂಪಗೆ ಹರಿಯುತ್ತದೆ, ತೋಟದಲ್ಲಿ ಇಂಬಳ ಕಾಲು ಹತ್ತುತ್ತದೆ, ಒಗೆದ ಬಟ್ಟೆ ವಾರವಾದರೂ ಒಣಗದೆ ಬಚ್ಚಲ ಒಲೆಯ ಹೊಗೆಯನ್ನು ಆಶ್ರಯಿಸಬೇಕಾಗುತ್ತದೆ. ಇಂಥ ಊರಿನಲ್ಲಿ ಒಬ್ಬ ಗೃಹಿಣಿಯನ್ನು ಊಹಿಸಿಕೊಳ್ಳಿ. ಈಕೆ ಇಂಥವರೇ ಎಂದು ಬೆರಳು ತೋರಿಸುವಂತಿಲ್ಲ. ವೈದ್ಯಗ್ರಂಥಗಳು ಬೇರೆ ಬೇರೆಯಾಗಿ ಹೇಳುವ ಕಷ್ಟಗಳನ್ನು ಒಂದೇ ಮೈಗೆ ಕೂಡಿಸಿ ನಾನು ಕಲ್ಪಿಸಿಕೊಂಡಾಕೆ. ಎತ್ತರ ಐದಡಿ, ತೂಕ ೧೧೫ ಕಿಲೋ ಇತ್ತು. ಸಕ್ಕರೆ ಕಾಯಿಲೆ, ಮಂಡಿನೋವು, ರಾತ್ರಿ ನಿದ್ದೆಯಲ್ಲಿ ಉಸಿರು ಕಟ್ಟುವುದು ಎಲ್ಲವೂ ಇದ್ದುವು. ಪಟ್ಟಣದ ಆಸ್ಪತ್ರೆಯಲ್ಲಿ ಶಸ್ತ್ರಕ್ರಿಯೆಯಾಯಿತು. ಈಗ ೭೦ ಕಿಲೋ. ಸಕ್ಕರೆ ಹತೋಟಿಗೆ ಬಂದಿದೆ. ಮದುವೆಮನೆಯಲ್ಲಿ ನೆಂಟರು, "ಏನಕ್ಕಾ, ನಿಮ್ಮ ಗುರುತೇ ಸಿಗಲಿಲ್ಲವಲ್ಲ!" ಎಂದು ಬೆರಗಾಗುತ್ತಾರೆ.

ಗುರುತು ಸಿಗದ ಮೈಯನ್ನು ಒಳಗೆ ಹೊತ್ತಿರುವವರು ಆಕೆ. ಕಿಬ್ಬೊಟ್ಟೆಯ ಚರ್ಮ ಮಡಿಕೆಯಾಗಿ ತೊಡೆಯ ಮೇಲಕ್ಕೆ ಇಳಿಬಿದ್ದಿದೆ. ತೋಳಿನ ಚರ್ಮ ರವಿಕೆಯ ತೋಳಿನೊಳಗೆ ತೂರುವುದಿಲ್ಲ. ತೊಡೆಗೆ ತೊಡೆ ಉಜ್ಜಿ ತೋಟದ ಇಳಿಜಾರಿನಲ್ಲಿ ನಡೆಯುವುದು ಕಷ್ಟ. ಆಷಾಢ ಬಂತೆಂದರೆ ಹೊಟ್ಟೆಯ ಮಡಿಕೆಯ ಒಳಗೆ ಗಾಳಿಯಿಲ್ಲ, ಬೆಳಕಿಲ್ಲ, ಬೆವರು ಆರುವುದಿಲ್ಲ. ಚರ್ಮ ಕೆಂಪಾಗಿ ಸೀಳುತ್ತದೆ, ಬೂಷ್ಟು ಹಿಡಿದ ಹಾಗೆ ಶಿಲೀಂಧ್ರ ಬೆಳೆಯುತ್ತದೆ, ವಾಸನೆ ಬರುತ್ತದೆ. ಮಡಿಕೆಯ ನಡುವೆ ಹಳೆಯ ಹತ್ತಿಬಟ್ಟೆ ಇಟ್ಟುಕೊಂಡು ಮನೆಯೊಳಗೇ ದಿನ ಕಳೆಯಬೇಕು. ಇದಕ್ಕೂ ಒಂದು ಶಸ್ತ್ರಕ್ರಿಯೆ ಇದೆಯಂತೆ ಎಂದು ಬಾಯಿಬಿಟ್ಟರೆ ಅತ್ತೆಯವರು ಹೇಳುವ ಮಾತು ಒಂದೇ: "ಜೀವ ಉಳಿಯಿತಲ್ಲ ತಾಯಿ, ಇನ್ನು ಅಂದಚೆಂದಕ್ಕೂ ಹೊಟ್ಟೆ ಕುಯ್ಯಿಸಿಕೊಳ್ಳಬೇಕೆ?"

ಅತ್ತೆಯವರ ಮಾತಿನಲ್ಲಿ ಕೆಡುಕಿಲ್ಲ. ಆದರೆ ಅದು ಸರಿಯಾದ ಮಾತೂ ಅಲ್ಲ. ಚರ್ಮ ಏಕೆ ತಾನಾಗಿ ಕುಗ್ಗುವುದಿಲ್ಲ ಎಂಬುದನ್ನು ಮೊದಲು ನೋಡಬೇಕು. ಚರ್ಮದ ಒಳಪದರದಲ್ಲಿ ಎರಡು ಬಗೆಯ ನೂಲುಗಳಿವೆ. ಕೊಲಾಜೆನ್ ಎಂಬುದು ಬಲ ಕೊಡುತ್ತದೆ. ಇಲಾಸ್ಟಿನ್ ಎಂಬುದು ಹಿಗ್ಗಿದ್ದನ್ನು ಹಿಂದಕ್ಕೆ ಎಳೆಯುತ್ತದೆ. ಬಾಣಂತಿಯ ಹೊಟ್ಟೆ ಕೆಲವು ತಿಂಗಳಲ್ಲಿ ಬಹುಮಟ್ಟಿಗೆ ಒಳಸೇರುವುದು ಈ ಎಳೆತದಿಂದ. ಆದರೆ ಹತ್ತಿಪ್ಪತ್ತು ವರ್ಷ ಬಿಡದೆ ಹಿಗ್ಗಿಯೇ ಇದ್ದ ಚರ್ಮದಲ್ಲಿ ಆ ನೂಲುಗಳು ತೆಳುವಾಗಿ ಹರಿದುಹೋಗಿರುತ್ತವೆ. ಹಳೆಯ ಲಂಗದ ಎಲಾಸ್ಟಿಕ್ಕಿಗೆ ಏನಾಗುತ್ತದೆಯೋ ಹಾಗೆಯೇ. ಮೇಲೆ ಎಣ್ಣೆ ಹಚ್ಚಿ ತಿಕ್ಕಿದರೆ, ಪಟ್ಟಿ ಬಿಗಿದರೆ, ವ್ಯಾಯಾಮ ಮಾಡಿದರೆ ಹರಿದ ನೂಲು ಕೂಡಿಕೊಳ್ಳುವುದಿಲ್ಲ. ವ್ಯಾಯಾಮದಿಂದ ಸ್ನಾಯು ಗಟ್ಟಿಯಾದೀತು. ಅದರ ಮೇಲಿನ ಹೊದಿಕೆ ಚಿಕ್ಕದಾಗದು.

ನಮ್ಮ ಹಳೆಯ ವೈದ್ಯರು ಇದನ್ನು ಕಣ್ಣಾರೆ ಕಂಡಿದ್ದರು. ಚರಕಸಂಹಿತೆಯ ಸೂತ್ರಸ್ಥಾನದಲ್ಲಿ ಲೋಕ ನಿಂದಿಸುವ ಎಂಟು ಬಗೆಯ ಮೈಕಟ್ಟಿನವರನ್ನು ಹೇಳುವ ಒಂದು ಅಧ್ಯಾಯವೇ ಇದೆ. ಅತಿಸ್ಥೂಲನನ್ನು ವರ್ಣಿಸುವಾಗ ಚರಕನು ಅವನ ಹೊಟ್ಟೆ, ಪೃಷ್ಠ, ಎದೆ ಅಲ್ಲಾಡುವುದನ್ನು ಗುರುತಿಸುತ್ತಾನೆ. ಅತಿ ದಪ್ಪ, ಅತಿ ತೆಳು ಇವೆರಡರಲ್ಲಿ ತೆಳುವೇ ವಾಸಿ, ದಪ್ಪದ ಚಿಕಿತ್ಸೆ ಕಷ್ಟ ಎಂದೂ ಹೇಳುತ್ತಾನೆ. ಅವನ ಕೈಯಲ್ಲಿದ್ದುದು ಔಷಧ, ಪಥ್ಯ, ವ್ಯಾಯಾಮಗಳು; ಶಸ್ತ್ರವಲ್ಲ. ರೋಮಿನ ಪ್ಲಿನಿಯಾದರೋ ಒಂದನೆಯ ಶತಮಾನದಲ್ಲಿ ಬರೆಯುತ್ತ, ಒಬ್ಬ ದೊಡ್ಡ ಅಧಿಕಾರಿಯ ಮಗನ ಮೈಯಿಂದ ಕೊಬ್ಬನ್ನು ಕಿತ್ತು ತೆಗೆದು ಅವನನ್ನು ಹಗುರ ಮಾಡಿದರೆಂದು ಹೇಳಿದ್ದಾನೆ. ಅರಿವಳಿಕೆ ಇಲ್ಲದ ಕಾಲದಲ್ಲಿ ಅದನ್ನು ಹೇಗೆ ಮಾಡಿದರು, ಆತ ಹೇಗೆ ತಡೆದುಕೊಂಡ ಎಂದು ಓದುವವರಿಗೇ ನಡುಕ ಬರುತ್ತದೆ. ಪ್ಲಿನಿ ಕೇಳಿದ್ದನ್ನೆಲ್ಲ ಬರೆದಿಡುವ ಸ್ವಭಾವದವನು. ಅಷ್ಟರಮಟ್ಟಿಗೆ ನಂಬಿದರೆ ಸಾಕು.

ಈ ವಿದ್ಯೆಯ ನಿಜವಾದ ಬೇರು ಕೊಬ್ಬಿನಲ್ಲಿಲ್ಲ, ಮೂಗಿನಲ್ಲಿದೆ. ಶೂರ್ಪನಖಿಯ ಕಥೆ ಗೊತ್ತಿರುವ ನಮಗೆ ಮೂಗು ಕಳೆದುಕೊಳ್ಳುವುದೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೧೬ನೆಯ ಅಧ್ಯಾಯದಲ್ಲಿ ಹರಿದ ಕಿವಿಯ ಹಾಲೆಯನ್ನು ಕೂಡಿಸುವ ಬಗೆ ಇದೆ. ಮೂಗಿನ ಅಳತೆಗೆ ಎಲೆ ಕತ್ತರಿಸಿ, ಆ ಅಳತೆಯ ಚರ್ಮವನ್ನು ಕೆನ್ನೆಯಿಂದ ಎಬ್ಬಿಸಿ ಮೂಗಿಗೆ ಹೊಂದಿಸುವ ಬಗೆಯೂ ಇದೆ. ಎಬ್ಬಿಸಿದ ಚರ್ಮವನ್ನು ಪೂರ್ತಿ ಕಡಿದುಬಿಡದೆ ಒಂದು ಕಡೆ ಮೈಗೆ ಅಂಟಿಕೊಂಡಿರುವಂತೆ ಬಿಡಬೇಕು ಎಂಬುದು ಇದರ ಗುಟ್ಟು. ಅಂಟಿಕೊಂಡ ಆ ತೊಟ್ಟಿನ ಮೂಲಕ ರಕ್ತ ಹರಿಯುತ್ತಿದ್ದರೆ ಚರ್ಮ ಬದುಕುತ್ತದೆ. ತೊಟ್ಟು ಕಡಿದರೆ ಕಿತ್ತ ಎಲೆಯಂತೆ ಬಾಡುತ್ತದೆ.

ಈಗ ಮಂಜರಾಬಾದಿಗೆ ಬರೋಣ. ಸಕಲೇಶಪುರದಿಂದ ಮಂಗಳೂರಿನ ರಸ್ತೆ ಹಿಡಿದರೆ ಗುಡ್ಡದ ಮೇಲೆ ಎಂಟು ಮೂಲೆಯ ನಕ್ಷತ್ರದಂತಿರುವ ಕೋಟೆಯನ್ನು ನೀವು ನೋಡಿಯೇ ಇರುತ್ತೀರಿ. ಟಿಪ್ಪು ಸುಲ್ತಾನ ಅದನ್ನು ಕಟ್ಟಿಸಿದ್ದು ೧೭೯೨ರಲ್ಲಿ. ಅದೇ ವರ್ಷ ಇಂಗ್ಲಿಷರೊಡನೆ ನಡೆದ ಮೂರನೆಯ ಮೈಸೂರು ಯುದ್ಧ ಮುಗಿಯಿತು. ಆ ಯುದ್ಧದಲ್ಲಿ ಇಂಗ್ಲಿಷ್ ದಂಡಿನ ಎತ್ತುಗಳನ್ನು ಹೊಡೆಯುತ್ತಿದ್ದ ಕವಾಸ್‌ಜಿ ಎಂಬ ಮರಾಠ ಆಳು ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕತ್ತರಿಸಿಕೊಂಡು ಹಿಂದಿರುಗಿದನೆಂದು ಲಂಡನ್ನಿನ 'ಜಂಟಲ್‌ಮನ್ಸ್ ಮ್ಯಾಗಜಿನ್' ೧೭೯೪ರ ಅಕ್ಟೋಬರಿನಲ್ಲಿ ಅಚ್ಚುಹಾಕಿತು. ಯುದ್ಧದ ಬಿಸಿ ಆರದ ಕಾಲದ ಇಂಗ್ಲಿಷ್ ಬರಹ ಇದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಓದತಕ್ಕದ್ದು. ನಮಗೆ ಬೇಕಾದದ್ದು ಅದರ ಮುಂದಿನ ಭಾಗ. ಒಂದು ವರ್ಷ ಮೂಗಿಲ್ಲದೆ ಇದ್ದ ಕವಾಸ್‌ಜಿಗೆ ಪುಣೆಯ ಬಳಿ ಇಟ್ಟಿಗೆ ಮಾಡುವ ಕುಲದ ಒಬ್ಬಾತ ಹೊಸ ಮೂಗು ಮಾಡಿಕೊಟ್ಟ. ಇದನ್ನು ನೋಡಿದ ಇಂಗ್ಲಿಷ್ ವೈದ್ಯರು ಕ್ರೂಸೊ ಮತ್ತು ಫಿಂಡ್ಲೆ.

ಆತ ಮಾಡಿದ್ದು ಹೀಗೆ. ತೆಳುವಾದ ಮೇಣದ ತಟ್ಟೆಯನ್ನು ಮೂಗಿನ ಆಕಾರಕ್ಕೆ ಒತ್ತಿದ. ಅದನ್ನು ಬಿಡಿಸಿ ಹಣೆಯ ಮೇಲಿಟ್ಟು ಸುತ್ತ ಗೆರೆ ಎಳೆದ. ಗೆರೆಯ ಒಳಗಿನ ಚರ್ಮವನ್ನು ಎಬ್ಬಿಸಿ, ಎರಡು ಹುಬ್ಬುಗಳ ನಡುವೆ ಮಾತ್ರ ಸಣ್ಣ ತೊಟ್ಟು ಉಳಿಸಿ, ಕೆಳಕ್ಕೆ ಹೊರಳಿಸಿ ಮೂಗಿನ ಜಾಗಕ್ಕೆ ಕೂರಿಸಿದ. ಹೊಲಿಗೆ ಇಲ್ಲ. ಕಾಚನ್ನು ನೀರಿನಲ್ಲಿ ಕಲಸಿ ಬಟ್ಟೆಯ ಪಟ್ಟಿಗೆ ಹಚ್ಚಿ, ಐದಾರು ಪಟ್ಟಿಗಳನ್ನು ಒಂದರ ಮೇಲೊಂದು ಅಂಟಿಸಿದ. ನಾವು ಎಲೆಯಡಿಕೆಯ ಜತೆ ಹಾಕಿಕೊಳ್ಳುವ ಅದೇ ಕಾಚು! ಸುಮಾರು ೨೫ ದಿನವಾದ ಮೇಲೆ ತೊಟ್ಟನ್ನು ಕಡಿದ. ಅಷ್ಟರಲ್ಲಿ ಹೊಸ ಜಾಗದ ರಕ್ತವೇ ಚರ್ಮಕ್ಕೆ ಹತ್ತಿಕೊಂಡಿತ್ತು. ಇಟ್ಟಿಗೆ ಕುಲದ ಆ ಶಸ್ತ್ರವೈದ್ಯನ ಹೆಸರನ್ನು ಪತ್ರಿಕೆ ಬರೆಯಲಿಲ್ಲ. ರೋಗಿಯ ಹೆಸರು ಉಳಿಯಿತು, ನೋಡಿದವರ ಹೆಸರೂ ಉಳಿಯಿತು, ಮಾಡಿದವನ ಹೆಸರು ಹೋಯಿತು.

ಲಂಡನ್ನಿನಲ್ಲಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯರು ಈ ಸುದ್ದಿ ಹಿಡಿದು, ಶವಗಳ ಮೇಲೆ ಅಭ್ಯಾಸ ಮಾಡಿ, ೧೮೧೪ರಲ್ಲಿ ಜೀವಂತ ರೋಗಿಯ ಮೇಲೆ ಯಶಸ್ವಿಯಾಗಿ ಮಾಡಿದರು; ೧೮೧೬ರಲ್ಲಿ ಪುಸ್ತಕ ಬರೆದರು. ಅಲ್ಲಿಂದ ಯೂರೋಪಿನಲ್ಲಿ ಈ ವಿದ್ಯೆ ಮತ್ತೆ ಚಿಗುರಿತು. ತೊಟ್ಟು ಉಳಿಸಿ ಚರ್ಮವನ್ನು ಸರಿಸುವ ಈ ತತ್ವ ಇಲ್ಲದಿದ್ದರೆ, ಹೊಟ್ಟೆಯ ಚರ್ಮವನ್ನು ಮೊಳದುದ್ದ ಎಬ್ಬಿಸಿ ಕೆಳಕ್ಕೆ ಎಳೆದು ಹೊಲಿಯುವ ಇಂದಿನ ಶಸ್ತ್ರಕ್ರಿಯೆಯೂ ಇರುತ್ತಿರಲಿಲ್ಲ.

ಮೂಗಿನಿಂದ ಹೊಟ್ಟೆಗೆ ಇಳಿಯಲು ಆದರೂ ಎಂಬತ್ತು ವರ್ಷ ಹಿಡಿಯಿತು. ೧೮೪೬ರಲ್ಲಿ ಈಥರಿನ ಅರಿವಳಿಕೆ, ೧೮೬೭ರಲ್ಲಿ ಲಿಸ್ಟರರ ಕ್ರಿಮಿನಾಶಕ ವಿಧಾನ ಬಂದವು. ಅವೆರಡೂ ಇಲ್ಲದೆ ಹೊಟ್ಟೆಯಂಥ ದೊಡ್ಡ ಜಾಗಕ್ಕೆ ಕತ್ತಿ ಇಡುವ ಧೈರ್ಯ ಯಾರಿಗೂ ಇರಲಿಲ್ಲ. ಫ್ರಾನ್ಸಿನಲ್ಲಿ ೧೮೯೦ರಲ್ಲಿ ಒಂದು ಪ್ರಯತ್ನ ನಡೆಯಿತು. ೧೮೯೯ರಲ್ಲಿ ಅಮೆರಿಕದ ಬಾಲ್ಟಿಮೋರಿನಲ್ಲಿ, ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಹೊವರ್ಡ್ ಕೆಲಿ ಒಬ್ಬ ಹೆಂಗಸಿನ ಇಳಿಬಿದ್ದ ಹೊಟ್ಟೆಯಿಂದ ಸುಮಾರು ಏಳೂವರೆ ಕಿಲೋ ತೂಗುವ ಚರ್ಮ ಮತ್ತು ಕೊಬ್ಬಿನ ಹೋಳನ್ನು ಅಡ್ಡಲಾಗಿ ಕತ್ತರಿಸಿ ತೆಗೆದರು. ಕೆಲಿ ಸೌಂದರ್ಯದ ವೈದ್ಯರಲ್ಲ, ಸ್ತ್ರೀರೋಗಗಳ ವೈದ್ಯರು. ಅವರ ಎದುರಿಗಿದ್ದುದು ತನ್ನ ಹೊಟ್ಟೆಯನ್ನು ತಾನೇ ಹೊರಲಾರದ ಹೆಂಗಸು. ಇದು ಶೋಕಿಯಾಗಿ ಹುಟ್ಟಿದ ವಿದ್ಯೆ ಎನ್ನುವವರು ಈ ಮೊದಲ ಪುಟವನ್ನು ಓದಿಲ್ಲ.

ಆಗಿನ ಶಸ್ತ್ರಕ್ರಿಯೆಗಳಲ್ಲಿ ಹೊಕ್ಕಳೂ ಹೋಳಿನ ಜತೆ ಹೋಗಿಬಿಡುವುದು ಸಾಮಾನ್ಯವಾಗಿತ್ತು. ೧೯೫೭ರಲ್ಲಿ ವೆರ್ನನ್ ಎಂಬ ವೈದ್ಯರು ಹೊಕ್ಕಳನ್ನು ಅದರ ತೊಟ್ಟಿನ ಮೇಲೆಯೇ ಉಳಿಸಿ, ಕೆಳಗೆಳೆದ ಚರ್ಮದಲ್ಲಿ ಹೊಸ ಕಿಂಡಿ ಮಾಡಿ ಅದನ್ನು ಹೊರತರುವ ಕ್ರಮವನ್ನು ವಿವರಿಸಿದರು. ಹುಬ್ಬುಗಳ ನಡುವಿನ ಆ ಹಳೆಯ ತೊಟ್ಟಿನ ಯುಕ್ತಿಯೇ ಇಲ್ಲಿ ಹೊಟ್ಟೆಗೆ ಇಳಿದು ಬಂದಂತಿದೆ. ೧೯೬೦ರಲ್ಲಿ ಮೆಕ್ಸಿಕೋದ ಗೊನ್ಸಾಲೆಸ್ ಉಲೋವಾ ಒಡ್ಯಾಣದಂತೆ ಸೊಂಟದ ಸುತ್ತಲೂ ಚರ್ಮ ತೆಗೆಯುವ ಬಗೆಯನ್ನು ಬರೆದರು. ೧೯೬೭ರಲ್ಲಿ ಬ್ರೆಜಿಲಿನ ಇವೊ ಪಿತಾಂಗಿ, ಗಾಯದ ಗೆರೆ ಒಳಬಟ್ಟೆಯ ಮರೆಯಲ್ಲಿ ಅಡಗುವಂತೆ ಕೆಳಗೆ ಕತ್ತರಿಸುವ ಕ್ರಮವನ್ನು ಪ್ರಸಿದ್ಧಿಗೆ ತಂದರು. ಕಡಲತೀರದ ರಿಯೊ ನಗರದಲ್ಲಿ ಈ ಯುಕ್ತಿ ಬೇಗ ಜನಪ್ರಿಯವಾದದ್ದು ಆಶ್ಚರ್ಯವಲ್ಲ.

ಇದೇ ವರ್ಷಗಳಲ್ಲಿ ಬೇರೊಂದು ಕೋಣೆಯಲ್ಲಿ ಬೇರೊಂದು ಕೆಲಸ ನಡೆದಿತ್ತು. ೧೯೫೪ರಲ್ಲಿ ಅಮೆರಿಕದ ಮಿನೆಸೋಟಾದ ಕ್ರೆಮೆನ್ ಮತ್ತು ಸಂಗಡಿಗರು ಸಣ್ಣ ಕರುಳಿನ ಬಹುಭಾಗವನ್ನು ಬಿಟ್ಟು ಆಹಾರಕ್ಕೆ ಅಡ್ಡದಾರಿ ಮಾಡುವ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದರು. ತೂಕವೇನೋ ಇಳಿಯಿತು, ಆದರೆ ಆ ಬಗೆಯ ಶಸ್ತ್ರಕ್ರಿಯೆ ಮಾಡಿಸಿಕೊಂಡವರಲ್ಲಿ ಭೇದಿ, ಮೂತ್ರಪಿಂಡದ ಕಲ್ಲು, ಯಕೃತ್ತಿನ ಕೇಡು ಕಾಣಿಸಿಕೊಂಡು ಮುಂದೆ ಅದನ್ನು ಕೈಬಿಡಬೇಕಾಯಿತು. ಅಯೋವಾ ವಿಶ್ವವಿದ್ಯಾನಿಲಯದ ಎಡ್ವರ್ಡ್ ಮೇಸನ್ ಇನ್ನೊಂದು ಸಂಗತಿಯನ್ನು ಗಮನಿಸಿದ್ದರು: ಹುಣ್ಣಿಗಾಗಿ ಜಠರದ ಒಂದು ಭಾಗ ತೆಗೆಸಿಕೊಂಡವರು ಮತ್ತೆ ದಪ್ಪವಾಗುವುದಿಲ್ಲ. ಅವರೂ ಜಪಾನಿನ ಇಟೊ ಅವರೂ ೧೯೬೬ರಲ್ಲಿ ಜಠರದ ಮೇಲ್ಭಾಗವನ್ನು ಸಣ್ಣ ಚೀಲವಾಗಿ ಬೇರೆ ಮಾಡಿ ಕರುಳಿಗೆ ಜೋಡಿಸಿದರು. ಇಂದಿನ ಗ್ಯಾಸ್ಟ್ರಿಕ್ ಬೈಪಾಸಿಗೆ ಇದೇ ಮೂಲ. ೧೯೯೪ರಲ್ಲಿ ವಿಟ್‌ಗ್ರೋವ್ ಮತ್ತು ಕ್ಲಾರ್ಕ್ ಎಂಬುವರು ಇದನ್ನು ಹೊಟ್ಟೆ ಸೀಳದೆ ಸಣ್ಣ ರಂಧ್ರಗಳ ಮೂಲಕವೇ ಮಾಡಿದ ವರದಿ ಕೊಟ್ಟರು. ಆಮೇಲೆ ಜಠರದ ಬಹುಪಾಲು ತೆಗೆದು ಕೊಳವೆಯಂತೆ ಉಳಿಸುವ ಸ್ಲೀವ್ ವಿಧಾನ ಹರಡಿತು. ಭಾರತದಲ್ಲಿ ಈ ಶಸ್ತ್ರವೈದ್ಯರ ಸಂಘ ೨೦೦೨ರಲ್ಲಿ ಸ್ಥಾಪನೆಯಾಯಿತು.

ಬೇರಿಯಾಟ್ರಿಕ್ ಎಂಬ ಹೆಸರಿನ ಬಗ್ಗೆ ಒಂದು ಮಾತು. ಗ್ರೀಕಿನ 'ಬರುಸ್' ಎಂದರೆ ಭಾರವುಳ್ಳದ್ದು. ಕಿವಿಗೆ ನಮ್ಮ 'ಭಾರ'ದಂತೆಯೇ ಕೇಳುತ್ತದೆ. ಆದರೆ ಭಾಷಾಶಾಸ್ತ್ರಜ್ಞರ ಪ್ರಕಾರ ಅದರ ನಿಜವಾದ ನೆಂಟ ಸಂಸ್ಕೃತದ 'ಗುರು', ಲಘುವಿಗೆ ಎದುರಾದ ಗುರು.

ಭಾರ ಇಳಿಸುವವರೂ ಚರ್ಮ ಹೊಲಿಯುವವರೂ ಹೀಗೆ ಬಹುಕಾಲ ಬೇರೆ ಬೇರೆಯಾಗಿದ್ದರು. ಬೈಪಾಸು, ಸ್ಲೀವುಗಳು ಹೆಚ್ಚಿದ ಮೇಲೆ ಒಬ್ಬರ ರೋಗಿಗಳು ಇನ್ನೊಬ್ಬರ ಬಾಗಿಲಿಗೆ ಬಂದರು. ಬಂದವರ ಮೈ ಹಳೆಯ ವಿಧಾನಕ್ಕೆ ಬಗ್ಗುವಂಥದಲ್ಲ. ಮುಂದೆ, ಹಿಂದೆ, ಪಕ್ಕ, ತೋಳು, ತೊಡೆ ಎಲ್ಲೆಲ್ಲೂ ಚರ್ಮ ಸಡಿಲ. ಅದನ್ನು ಎಳೆದು ಅಂಚಿಗೆ ಹೊಲಿದರೆ ಕೆಲವು ತಿಂಗಳಲ್ಲಿ ಹೊಲಿಗೆ ಅಗಲವಾಗಿ ಮತ್ತೆ ಜೋಲುತ್ತಿತ್ತು. ೧೯೯೧ರಲ್ಲಿ ಅಮೆರಿಕದ ಟೆಡ್ ಲಾಕ್‌ವುಡ್ ಇದಕ್ಕೆ ಪರಿಹಾರ ತೋರಿಸಿದರು. ಚರ್ಮದ ಅಡಿಯ ಕೊಬ್ಬಿನ ನಡುವೆ ಗಟ್ಟಿಯಾದ ಒಂದು ಪೊರೆ ಇದೆ. ಎಳೆತದ ಭಾರವನ್ನು ಚರ್ಮದ ಮೇಲೆ ಹಾಕದೆ ಆ ಪೊರೆಯ ಮೇಲೆ ಹಾಕಿ ಹೊಲಿಯಬೇಕು ಎಂಬುದು ಅವರ ಮಾತು. ನೆನೆದ ಕಂಬಳಿಯನ್ನು ಅಂಚಿನ ಎರಡು ದಾರದಲ್ಲಿ ನೇತುಹಾಕಿದರೆ ಅಂಚು ಹರಿಯುತ್ತದೆ. ಗಳುವಿನ ಮೇಲೆ ಹಾಸಿದರೆ ನಿಲ್ಲುತ್ತದೆ. ಇಷ್ಟು ಸಣ್ಣ ತಿಳಿವಳಿಕೆಗೆ ಕೆಲಿಯವರ ಕಾಲದಿಂದ ತೊಂಬತ್ತು ವರ್ಷ ಬೇಕಾಯಿತು.

ಕೊಬ್ಬನ್ನು ಹೀರಿ ತೆಗೆದುಬಿಟ್ಟರೆ ಸಾಲದೆ ಎಂದು ಕೆಲವರು ಕೇಳುತ್ತಾರೆ. ಆ ಕಥೆಯ ಆರಂಭವೇ ಅಪಶಕುನದ್ದು. ೧೯೨೦ರ ದಶಕದಲ್ಲಿ ಪ್ಯಾರಿಸಿನಲ್ಲಿ ಒಬ್ಬ ಶಸ್ತ್ರವೈದ್ಯರು ನರ್ತಕಿಯೊಬ್ಬಳ ಕಾಲಿನ ಕೊಬ್ಬನ್ನು ಕೆರೆದು ತೆಗೆಯಲು ಹೋಗಿ, ಕೊನೆಗೆ ಆ ಕಾಲನ್ನೇ ಕತ್ತರಿಸಬೇಕಾಯಿತು. ಮುಂದೆ ಐವತ್ತು ವರ್ಷ ಹೆಚ್ಚು ಮಂದಿ ಆ ದಾರಿ ತುಳಿಯಲಿಲ್ಲ. ೧೯೭೦ರ ದಶಕದಲ್ಲಿ ಇಟಲಿಯ ಫಿಷರ್, ಫ್ರಾನ್ಸಿನ ಇಲೂಸ್ ಮೊದಲಾದವರು ಕೊಳವೆಯಿಂದ ಹೀರುವ ವಿಧಾನವನ್ನು ರೂಪಿಸಿದರು. ೧೯೮೦ರ ದಶಕದಲ್ಲಿ ಅಮೆರಿಕದ ಕ್ಲೈನ್ ಮೊದಲು ಮರಗಟ್ಟಿಸುವ ದ್ರವ ತುಂಬಿ ರಕ್ತಸ್ರಾವ ತಗ್ಗಿಸುವ ಉಪಾಯ ಸೇರಿಸಿದರು. ಹೀರುವುದರಿಂದ ಅಲ್ಲಲ್ಲಿ ಕೂತ ಕೊಬ್ಬು ತಗ್ಗೀತು. ತೂಕ ಇಳಿಸುವ ಚಿಕಿತ್ಸೆ ಅದಲ್ಲ. ಜೋಲುವ ಚರ್ಮಕ್ಕಂತೂ ಅದೊಂದರಿಂದ ಪರಿಹಾರವಿಲ್ಲ. ಮೂಟೆಯಿಂದ ಇನ್ನೆರಡು ಸೇರು ತೆಗೆದರೆ ಚೀಲ ಇನ್ನಷ್ಟು ಸಡಿಲವಾದೀತಲ್ಲವೆ? ೨೦೨೨ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಿಕೊಳ್ಳಲು ಹೋದ ೨೧ ವರ್ಷದ ಕಿರುತೆರೆ ನಟಿಯೊಬ್ಬರು ತೀರಿಕೊಂಡ ಸುದ್ದಿಯನ್ನು ನಾವೆಲ್ಲ ಕೇಳಿದೆವು. ಅರಿವಳಿಕೆಯ ತಜ್ಞರು, ತುರ್ತು ಚಿಕಿತ್ಸೆಯ ಘಟಕ, ತರಬೇತಿ ಪಡೆದ ಪ್ಲಾಸ್ಟಿಕ್ ಶಸ್ತ್ರವೈದ್ಯರು ಈ ಮೂರೂ ಇರುವ ಆಸ್ಪತ್ರೆಯೇ ಎಂದು ಮೊದಲು ಕೇಳಿ ತಿಳಿಯುವುದಕ್ಕೆ ಯಾರೂ ಸಂಕೋಚಪಡಬೇಕಾಗಿಲ್ಲ.

ನಾವು ಊಹಿಸಿಕೊಂಡ ಗೃಹಿಣಿಗೆ ಈಗ ಡಾಕ್ಟರು ಏನು ಹೇಳುತ್ತಾರೆ? ಮೊದಲು, ಕಾಯಿರಿ ಎನ್ನುತ್ತಾರೆ. ಮೊದಲ ಶಸ್ತ್ರಕ್ರಿಯೆಯಾಗಿ ವರ್ಷ, ಒಂದೂವರೆ ವರ್ಷ ಕಳೆದಿರಬೇಕು. ತೂಕ ಕೆಲವು ತಿಂಗಳು, ಸಾಮಾನ್ಯವಾಗಿ ಆರು ತಿಂಗಳಾದರೂ, ಒಂದೇ ಮಟ್ಟದಲ್ಲಿ ನಿಂತಿರಬೇಕು. ಇನ್ನೂ ಇಳಿಯುತ್ತಿರುವ ಮೈಗೆ ಹೊಲಿದರೆ, ಬೆಳೆಯುವ ಮಗುವಿಗೆ ಅಳತೆ ಅಂಗಿ ಹೊಲಿಸಿದಂತೆ. ಆಮೇಲೆ ರಕ್ತಪರೀಕ್ಷೆ. ಜಠರ ಚಿಕ್ಕದಾದವರಲ್ಲಿ ಸಸಾರಜನಕ, ಕಬ್ಬಿಣ, ಬಿ ೧೨, ಡಿ ಜೀವಸತ್ವಗಳ ಕೊರತೆ ಬಹಳ. ಅವು ಇಲ್ಲದೆ ಗಾಯ ಕೂಡುವುದಿಲ್ಲ. ಒಂದು ಸೌಟು ಅನ್ನವೇ ಹೆಚ್ಚಾಗುವ ಜಠರಕ್ಕೆ ಅಕ್ಕಿರೊಟ್ಟಿ, ಕಡುಬುಗಳಿಗಿಂತ ಮೊದಲು ಮೊಟ್ಟೆ, ಬೇಳೆ, ಮೊಸರು, ಮೀನು ಸೇರಬೇಕು. ನಮ್ಮ ಕಡೆಯ ಅಡಿಗೆಮನೆಯಲ್ಲಿ ಇದು ಸಣ್ಣ ಕ್ರಾಂತಿಯೇ ಸರಿ. ಹೊಗೆಬತ್ತಿ ಸೇದುವವರು ವಾರಗಳ ಮೊದಲೇ ಬಿಡಬೇಕು. ಹೊಗೆ ಚರ್ಮದ ಸಣ್ಣ ರಕ್ತನಾಳಗಳನ್ನು ಬಿಗಿಯುತ್ತದೆ, ತೊಟ್ಟು ಬಾಡುತ್ತದೆ.

ಜೋಲುವ ಮಡಿಕೆಯನ್ನು ಮಾತ್ರ ತೆಗೆಯುವುದು ಒಂದು ಶಸ್ತ್ರಕ್ರಿಯೆ, ಪ್ಯಾನಿಕ್ಯುಲೆಕ್ಟಮಿ. ಅದರ ಜತೆಗೆ ಬ್ಯಾಡಗೊಂಡ ಹೊಟ್ಟೆಯ ಸ್ನಾಯುಗಳನ್ನು ಹತ್ತಿರ ಹೊಲಿದು ಹೊಕ್ಕಳನ್ನು ಹೊಸ ಜಾಗದಲ್ಲಿ ಹೊರತರುವುದು ಇನ್ನೊಂದು, ಅಬ್ಡಾಮಿನೋಪ್ಲಾಸ್ಟಿ. ತೋಳು, ತೊಡೆ, ಎದೆಗಳದು ಬೇರೆ ಬೇರೆ. ಎಲ್ಲವನ್ನೂ ಒಂದೇ ದಿನ ಮಾಡದೆ ತಿಂಗಳುಗಳ ಅಂತರ ಬಿಟ್ಟು ಮಾಡುವುದು ವಾಡಿಕೆ. ಅಪಾಯಗಳನ್ನು ಮುಚ್ಚಿಡಬಾರದು. ಚರ್ಮದ ಅಡಿಯಲ್ಲಿ ನೀರು ತುಂಬುವುದು, ಹೊಲಿಗೆಯ ಅಂಚು ಬಿಡುವುದು, ಕೀವಾಗುವುದು ಅಪರೂಪವಲ್ಲ. ಕಾಲಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಶ್ವಾಸಕೋಶಕ್ಕೆ ಹೋಗುವುದು ಅಪರೂಪ, ಆದರೆ ಜೀವಕ್ಕೆ ಮುಳುವು. ಅದಕ್ಕೇ ಮರುದಿನವೇ ಎಬ್ಬಿಸಿ ನಡೆಸುತ್ತಾರೆ. ಗಾಯದ ಗೆರೆ ಸೊಂಟದ ಈ ಪಕ್ಕದಿಂದ ಆ ಪಕ್ಕದವರೆಗೆ ಜೀವಮಾನವಿಡೀ ಉಳಿಯುತ್ತದೆ. ಮಡಿಕೆ ಕೊಟ್ಟು ಗೆರೆ ಕೊಂಡುಕೊಳ್ಳುವ ವ್ಯಾಪಾರ ಇದು. ಒಪ್ಪಿಗೆಯಾಗುವವರಿಗೆ ಮಾತ್ರ.

ಇನ್ನು ಹಣದ ಮಾತು. ಇಲ್ಲಿಯೇ 'ಶೋಕಿ' ಎಂಬ ಒಂದು ಪದ ಮನೆಯಿಂದ ಕಚೇರಿಗೆ ಹೋಗಿ ಕೂರುತ್ತದೆ. ೨೦೧೯ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಆರೋಗ್ಯವಿಮೆಯಲ್ಲಿ ಯಾವುದನ್ನು ಬಿಡಬಹುದು ಎಂಬುದಕ್ಕೆ ಒಂದೇ ರೀತಿಯ ನಿಯಮ ಮಾಡಿತು. ಬೊಜ್ಜಿನ ಶಸ್ತ್ರಕ್ರಿಯೆ ಅದರಂತೆ ಎಲ್ಲರಿಗೂ ಇಲ್ಲ. ದೇಹತೂಕದ ಸೂಚ್ಯಂಕ ೪೦ ಅಥವಾ ಹೆಚ್ಚಿದ್ದರೆ, ಇಲ್ಲವೆ ೩೫ ಅಥವಾ ಹೆಚ್ಚಿದ್ದು ಗೊತ್ತಾದ ಗಂಭೀರ ಕಾಯಿಲೆಗಳಿದ್ದರೆ, ಡಾಕ್ಟರ ಸಲಹೆಯ ಮೇರೆಗೆ ಉಂಟು. ಕಿಲೋಗಳಲ್ಲಿ ತೂಕವನ್ನು ಮೀಟರುಗಳಲ್ಲಿ ಎತ್ತರದಿಂದ ಎರಡು ಸಲ ಭಾಗಿಸಿದರೆ ಬರುವುದೇ ಆ ಸೂಚ್ಯಂಕ. ನಮ್ಮ ಗೃಹಿಣಿಯದು ಮೊದಲು ಹತ್ತಿರ ಹತ್ತಿರ ೫೦ ಇತ್ತು, ಈಗ ೩೦. ಅಂದಕ್ಕಾಗಿ ಮಾಡುವ ಶಸ್ತ್ರಕ್ರಿಯೆಗೆ ಅದೇ ನಿಯಮ ಬಾಗಿಲು ಮುಚ್ಚುತ್ತದೆ. ಅಪಘಾತ, ಸುಟ್ಟಗಾಯ, ಕ್ಯಾನ್ಸರುಗಳ ನಂತರದ ದುರಸ್ತಿಗೆ, ಮತ್ತು ಆರೋಗ್ಯಕ್ಕೆ ನೇರವೂ ತತ್‌ಕ್ಷಣದ್ದೂ ಆದ ಅಪಾಯ ತಪ್ಪಿಸಲು ಬೇಕಾದ ಚಿಕಿತ್ಸೆಗೆ ಮಾತ್ರ ತೆರೆಯುತ್ತದೆ. ಮಳೆಗಾಲದಲ್ಲಿ ಸೀಳಿ ಕೀವಾಗುವ ಮಡಿಕೆ ಅಂದದ ವಿಷಯವೋ ಅಪಾಯದ ವಿಷಯವೋ? ಮೇಜಿನ ಹಿಂದೆ ಕೂತು ಕಾಗದ ನೋಡುವವರು ಒಂದು ಹೇಳಿದರೆ ಮಡಿಕೆಯೊಳಗೆ ಬಟ್ಟೆ ಇಟ್ಟುಕೊಂಡವರು ಇನ್ನೊಂದು ಹೇಳಿಯಾರು. ನೆರೆಯ ತಮಿಳುನಾಡಿನಲ್ಲಿ ೨೦೧೮ರಲ್ಲಿ ಚೆನ್ನೈನ ಸರ್ಕಾರಿ ಸ್ಟಾನ್ಲಿ ಆಸ್ಪತ್ರೆಯಲ್ಲಿ ಎದೆಯ ಆಕಾರ ತಿದ್ದುವ ಶಸ್ತ್ರಕ್ರಿಯೆಯನ್ನು ಬಡವರಿಗೆ ಉಚಿತವಾಗಿ ಮಾಡಲು ಹೊರಟಾಗ ದೇಶದ ಆಚೆಯೂ ಚರ್ಚೆಯಾಯಿತು. ಜನರ ದುಡ್ಡಿನಿಂದ ಸೌಂದರ್ಯವೆ ಎಂದು ಕೆಲವರು. ಬಡವರು ಸಾಲ ಮಾಡಿ ಸಿಕ್ಕಸಿಕ್ಕ ಕಡೆ ಹೋಗುವುದಕ್ಕಿಂತ ಇದು ವಾಸಿಯಲ್ಲವೆ ಎಂದು ಸರ್ಕಾರದ ಕಡೆಯವರು. ನನ್ನ ಓಟು ಎರಡನೆಯ ಕಡೆಗೆ.

ಅದಕ್ಕಾಗಿ ಡಾಕ್ಟರುಗಳು ಒಂದು ಬುದ್ಧಿವಾದ ಹೇಳುತ್ತಾರೆ: ಕಷ್ಟವನ್ನು ಬರೆದಿಡಿ. ಹಾಸನದಲ್ಲಿ ೨೦೦೬ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಚರ್ಮದ ಡಾಕ್ಟರಿಗೆ ತೋರಿಸಿ, ಯಾವ ತಿಂಗಳು ಎಷ್ಟು ಸಲ ಹುಣ್ಣಾಯಿತು, ಯಾವ ಔಷಧಿಗೆ ವಾಸಿಯಾಗಿ ಮತ್ತೆ ಬಂತು ಎಂಬುದು ಚೀಟಿಯಲ್ಲಿ ದಾಖಲೆಯಾಗಲಿ, ಮಡಿಕೆಯ ಫೋಟೋ ಇರಲಿ. ನಾಚಿಕೆಯಿಂದ ಮನೆಯಲ್ಲೇ ಪೌಡರು ಹಾಕಿಕೊಂಡು ಕಳೆದ ನಾಲ್ಕು ಮಳೆಗಾಲಗಳಿಗೆ ಯಾವ ಕಚೇರಿಯಲ್ಲೂ ಬೆಲೆಯಿಲ್ಲ. ತೂಕ ಇಳಿಸುವ ಹೊಸ ಚುಚ್ಚುಮದ್ದುಗಳು ೨೦೨೫ರಲ್ಲಿ ಭಾರತದ ಅಂಗಡಿಗಳಿಗೆ ಬಂದಿವೆ. ಶಸ್ತ್ರಕ್ರಿಯೆ ಇಲ್ಲದೆ ಬಹಳ ಇಳಿಯುವವರ ಸಂಖ್ಯೆಯೂ ಏರೀತು. ಅವರ ಚರ್ಮಕ್ಕೂ ಅದೇ ನೂಲು, ಅದೇ ಎಲಾಸ್ಟಿಕ್ಕು.

ಆಲೂರಿನ ಕಡೆಯವರು ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ತೋಟದ ಲೆಕ್ಕ ನೋಡುವುದು ಒಳ್ಳೆಯದು. ಹೊಟ್ಟೆಯ ಶಸ್ತ್ರಕ್ರಿಯೆಯಾದವರು ಸುಮಾರು ಆರು ವಾರ ಕೊಡ ಎತ್ತಬಾರದು, ಮೂಟೆ ಮುಟ್ಟಬಾರದು, ಬಗ್ಗಿ ಕಸ ಗುಡಿಸಬಾರದು. ಡಿಸೆಂಬರಿನಿಂದ ಫೆಬ್ರವರಿಯವರೆಗೆ ಮನೆಯವರೆಲ್ಲ ಕಾಫಿ ಕೊಯ್ಲಿನಲ್ಲಿ ಇರುತ್ತಾರೆ, ನೋಡಿಕೊಳ್ಳುವವರಿಲ್ಲ. ಜೂನ್ ಬಂದರೆ ಗಾಯ ಆರದು. ಗುಡ್ಡ ಜರಿದು ಶಿರಾಡಿಯ ರಸ್ತೆ ಮುಚ್ಚಿದರೆ, ೨೦೨೨ರಲ್ಲಿ ದೋಣಿಗಾಲಿನ ಬಳಿ ಆದಂತೆ, ಹೊಲಿಗೆ ತೋರಿಸಲು ಮಂಗಳೂರಿಗೆ ಹೋಗುವುದು ಹೇಗೆ? ಕೊಯ್ಲು ಮುಗಿದು, ಹೂಮಳೆ ಬಿದ್ದು, ತೋಟ ಬೆಳ್ಳಗೆ ಹೂ ಬಿಡುವ ಮಾರ್ಚ್ ತಿಂಗಳಲ್ಲಿ ಮಲಗಿದರೆ, ಮುಂಗಾರು ಘಟ್ಟ ಹತ್ತುವ ಹೊತ್ತಿಗೆ ಗೆರೆ ಒಣಗಿರುತ್ತದೆ.